ಹೆಕ್ಟರನ ಹಳದಿ ಮೀಸೆ

ಸೀ ಲಯನ್‌ಗೆ ನೆಗಡಿಯಾದರೆ ಅದು ಮನುಷ್ಯರಿಗೂ ಅಂಟುತ್ತದೆಯೇ?

ಈ ಪ್ರಶ್ನೆಯನ್ನು ನಾನು ಗಂಡನಿಗೆ ಕೇಳಿದೆ, ಮಕ್ಕಳ ಡಾಕ್ಟರಿಗೆ ಕೇಳಿದೆ, ಕೊನೆಗೆ ಫೋನಿಗೂ ಕೇಳಿದೆ. ಗಂಡ ನಕ್ಕ. ಡಾಕ್ಟರು ಮಗುವಿಗೆ ವಿಟಮಿನ್ ಡ್ರಾಪ್ಸ್ ಬರೆದು, ನನಗೆ ಚೆನ್ನಾಗಿ ನಿದ್ದೆ ಮಾಡಲು ಹೇಳಿದರು. ಫೋನೊಂದೇ ನನ್ನ ಮಾತಿಗೆ ಬೆಲೆ ಕೊಟ್ಟು, ನಾನು ಕೇಳದಿದ್ದ ಇನ್ನಷ್ಟು ರೋಗಗಳ ಹೆಸರನ್ನೂ ಸೇರಿಸಿ ಹೇಳಿತು. ಅಂದಿನಿಂದ ಅಕ್ವೇರಿಯಂನ ಗ್ರಾಹಕ ಸೇವೆಯ ನಂಬರು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿ ಕುಳಿತಿತ್ತು. ದಿನಾ ಅದನ್ನು ನೋಡುತ್ತಿದ್ದೆ, ಫೋನ್ ಎತ್ತಿಕೊಳ್ಳುತ್ತಿದ್ದೆ, ಮತ್ತೆ ಇಟ್ಟುಬಿಡುತ್ತಿದ್ದೆ.

ಯಾಕೆಂದರೆ ಹಗಲೆಲ್ಲ ಕಡಲಸಿಂಹಗಳ ಜತೆ ಕಳೆಯುವ ಹುಡುಗಿಯೊಬ್ಬಳು ಸಂಜೆಯಾದರೆ ನಮ್ಮ ಮನೆಯ ಬಚ್ಚಲಿನಲ್ಲಿ ಸ್ನಾನ ಮಾಡುತ್ತಿದ್ದಳು. ನನ್ನ ನಾಲ್ಕು ವರ್ಷದ ಮಗಳು ಚಿನ್ನಿ ಬಚ್ಚಲ ಬಾಗಿಲಿಗೆ ಮೂಗು ಒತ್ತಿಕೊಂಡು ಅವಳಿಗಾಗಿ ಕಾಯುತ್ತಿದ್ದಳು.

ಹುಡುಗಿಯ ಹೆಸರು ಅಶ್ವಿತಾ. ನನ್ನ ಗಂಡ ಶರಣ್ ಲೆಕ್ಕ ನೋಡುವ ಕಂಪೆನಿಯ ಯಜಮಾನರಾದ ತಾರಾನಾಥಣ್ಣನ ಒಬ್ಬಳೇ ಮಗಳು. ನಮ್ಮ ವೀಸಾ ತಾರಾನಾಥಣ್ಣನ ಕಂಪೆನಿಯದು. ದೋಹಾ ಅಲ್ ಜದೀದಾದ ಈ ಕಟ್ಟಡದ ಮೊದಲ ಮಹಡಿಯಲ್ಲಿ ನಾವಿರುವ ಫ್ಲ್ಯಾಟೂ ಅವರದೇ. ಹಾಗಾಗಿ ಬಚ್ಚಲೂ ಅವರದೇ ಎಂದಾಯಿತು. ಅವರ ಸಂಸಾರ ಇರುವುದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಒಂದು ದಿನ ಅವರ ಹೆಂಡತಿ ಲೀಲಾಕ್ಷಿ, ನಮಗೆಲ್ಲ ಲೀಲಕ್ಕ, ಕೆಳಗೆ ಇಳಿದು ಬಂದು ಸೋಫಾದ ತುದಿಯಲ್ಲಿ ಕುಳಿತರು.

"ನೋಡು ಮಾರಾಯ್ತಿ, ಅವಳು ಲಿಫ್ಟಿನಲ್ಲಿ ಮೇಲೆ ಬಂದ್ರೆ ಮೀನಿನ ವಾಸನೆ ಕಾರಿಡಾರಲ್ಲಿ ಹಾಗೇ ನಿಲ್ತದೆ. ಸಂಜೆ ನಮ್ಮಲ್ಲಿಗೆ ಕನ್ನಡ ಸಂಘದ ಜನ ಬರುವ ಹೊತ್ತು. ನಿಮ್ಮಲ್ಲಿಗೆ ಹಾಗೆಲ್ಲ ಯಾರೂ ಬರುದಿಲ್ಲ ಅಲ್ವಾ?"

ಬರುವುದಿಲ್ಲ ಎಂದು ಒಪ್ಪಿಕೊಂಡೆ. ಮರುದಿನದಿಂದ ನಮ್ಮ ಬಚ್ಚಲಿನಲ್ಲಿ ಅಶ್ವಿತಾಳ ಟವೆಲ್ ನೇತಾಡತೊಡಗಿತು.

ಈ ಮೀನಿನ ವಾಸನೆಯ ಕತೆ ಸ್ವಲ್ಪ ಹೇಳಬೇಕು. ತಾರಾನಾಥಣ್ಣ ಸಂಘದ ವೇದಿಕೆಯಲ್ಲಿ ಮೈಕ್ ಹಿಡಿದರೆ "ನಾನು ಮೆಸಯೀದ್‌ನಲ್ಲಿ ಇದ್ದಾಗ" ಎಂದೇ ಶುರುಮಾಡುವುದು. ಮೆಸಯೀದ್ ಎಂದ ಕೂಡಲೇ ಕೇಳುವವರ ಕಣ್ಣಮುಂದೆ ಪೆಟ್ರೋಕೆಮಿಕಲ್ ಪ್ಲಾಂಟು, ಬಿಳಿ ಹೆಲ್ಮೆಟ್ಟು, ಎಂಜಿನಿಯರುಗಳ ಎಸಿ ಬಸ್ಸು ಬರುತ್ತದೆ. ಬರಲಿ ಎಂದು ತಾರಾನಾಥಣ್ಣ ಸುಮ್ಮನಿರುತ್ತಾರೆ. ಅವರು ಅಲ್ಲಿದ್ದದ್ದು ಸುಳ್ಳಲ್ಲ. ಪ್ಲಾಂಟಿನ ಕ್ಯಾಂಟೀನಿನಲ್ಲಿ, ಮೀನು ಕತ್ತರಿಸುವ ಮೇಜಿನ ಹಿಂದೆ ಇದ್ದರು. ಅಲ್ಲಿಂದ ಮೇಲೆ ಬಂದು ಸ್ವಂತ ಕೋಲ್ಡ್ ಸ್ಟೋರೇಜ್ ಮಾಡಿದರು, ಹೋಟೆಲುಗಳಿಗೆ ಮೀನು ಹಾಕಿದರು, ಗೆದ್ದರು. ಹೆಮ್ಮೆಪಡಬೇಕಾದ ಸಂಗತಿ. ಆದರೆ ಅವರ ಕಂಪೆನಿಯ ಬೋರ್ಡಿನಲ್ಲಿ ಮೀನಿನ ಹೆಸರೂ ಇಲ್ಲ, ಚಿತ್ರವೂ ಇಲ್ಲ. ಒಂದು ಗೋಧಿ ತೆನೆಯ ಚಿತ್ರವಿದೆ. ಕಂಪೆನಿ ಒಂದು ಕಾಳು ಗೋಧಿಯನ್ನೂ ಮಾರಿದ್ದನ್ನು ಶರಣ್ ಕಂಡಿಲ್ಲ.

ಗಂಡನ ಮೈಯಿಂದ ಆ ವಾಸನೆಯನ್ನು ಓಡಿಸಲು ಲೀಲಕ್ಕ ಎಷ್ಟು ಅತ್ತರು ಹಚ್ಚಿ, ಎಷ್ಟು ಊದು ಸುಟ್ಟರೋ ದೇವರೇ ಬಲ್ಲ. ಅಂತೂ ಅದು ಮನೆಯಿಂದ ಹೊರಟುಹೋಯಿತು ಎಂದು ನೆಮ್ಮದಿಯಾಗಿ ಕೂರುವಷ್ಟರಲ್ಲಿ ಮಗಳು ಅದನ್ನೇ ತಲೆಗೂದಲಿನಲ್ಲಿ ಹೊತ್ತು ತಂದಳು.

ಅಶ್ವಿತಾ ದೋಹಾದಲ್ಲೇ ಹುಟ್ಟಿದವಳು. ಅವಳ ಕನ್ನಡ ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋಗಿ ಬಂದಷ್ಟು. ಮಾತು ಕಡಿಮೆ. ಯಾರಾದರೂ ಬೈದರೆ ಬೈಗುಳ ಮುಗಿಯುವವರೆಗೆ ಕಾದು, ಆಮೇಲೆ ತಾನು ಮಾಡಬೇಕೆಂದಿದ್ದನ್ನೇ ಮಾಡುತ್ತಾಳೆ. ಹೈಸ್ಕೂಲಿನಲ್ಲಿದ್ದಾಗ ಪ್ರವಾಸಕ್ಕೆಂದು ಕಡಲತೀರಕ್ಕೆ ಹೋದಲ್ಲಿ, ಸತ್ತು ದಡಕ್ಕೆ ಬಂದಿದ್ದ ಕಡಲಹಸುವೊಂದನ್ನು ಕಂಡಳಂತೆ. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ಬಸ್ಸಿಗೆ ಓಡಿದರೆ ಇವಳು ಹತ್ತಿರ ಹೋಗಿ ಅದರ ಮೂತಿಯ ಮೇಲಿನ ಕೂದಲನ್ನು ಮುಟ್ಟಿ ನೋಡಿದಳು. "ಬ್ರಶ್ ಹಾಗೆ ಇತ್ತು ಅಕ್ಕ, ಹಾರ್ಡ್," ಎಂದು ನನಗೆ ಹೇಳಿದಾಗಲೂ ಅವಳ ಬೆರಳುಗಳು ಅದನ್ನು ಮುಟ್ಟುತ್ತಿರುವಂತೆ ಆಡುತ್ತಿದ್ದವು. ಆ ಕೈ ತೊಳೆದುಕೊಂಡಿದ್ದಳೋ ಇಲ್ಲವೋ ಎಂಬುದು ನನ್ನ ಚಿಂತೆ. ಅವಳ ಜೀವನ ಮಾತ್ರ ಆ ದಿನವೇ ಒಂದು ದಾರಿ ಹಿಡಿದಿತ್ತು. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಪ್ರಾಣಿಶಾಸ್ತ್ರ ಓದಿದಳು, ವಾಪಸು ಬಂದು ಕಡಲಂಚಿನ ಅಕ್ವೇರಿಯಂನಲ್ಲಿ ಇಂಟರ್ನ್ ಆಗಿ ಸೇರಿದಳು.

ಆರು ತಿಂಗಳ ಇಂಟರ್ನ್‌ಶಿಪ್. ಸರಿಯಾಗಿ ಮುಗಿಸಿದರೆ ಅಲ್ಲೇ ಟ್ರೈನರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಮುಗಿಸದಿದ್ದರೆ ಅಪ್ಪನ ಆಫೀಸಿನಲ್ಲಿ, ನನ್ನ ಗಂಡನ ಎದುರಿನ ಕುರ್ಚಿ. ಆ ಕುರ್ಚಿಗೆ ತಾರಾನಾಥಣ್ಣ ಆಗಲೇ ಹೊಸ ಕವರ್ ಹಾಕಿಸಿಟ್ಟಿದ್ದರು.

ಮಗಳು ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಲೀಲಕ್ಕ "ಡಾಲ್ಫಿನ್ ಸೈಕಾಲಜಿಯಲ್ಲಿ ರಿಸರ್ಚ್" ಎನ್ನುತ್ತಿದ್ದರು. ಆ ಅಕ್ವೇರಿಯಂನಲ್ಲಿ ಡಾಲ್ಫಿನ್‌ಗಳೇ ಇಲ್ಲ. ಇರುವುದು ನಾಲ್ಕು ಕಡಲಸಿಂಹ, ಅವುಗಳ ಸೈಕಾಲಜಿ ಅಂದರೆ ಮೀನು. ಆದರೆ ಸಂಘದ ಹೆಂಗಸರಿಗೆ ಡಾಲ್ಫಿನ್ನೂ ಒಂದೇ, ಸೀ ಲಯನ್ನೂ ಒಂದೇ. ಅವರು ಕೇಳುವುದು ಬೇರೆಯದನ್ನು.

"ಹಾಗಾದ್ರೆ ಪಾಸ್ ಸಿಗ್ತದಾ ಲೀಲಕ್ಕ?"

ಗಲ್ಫಿನಲ್ಲಿ ಇದು ನಮ್ಮವರ ಕ್ರಮ. ಯಾರಿಗೆ ಎಲ್ಲಿ ಕೆಲಸ ಸಿಕ್ಕಿದರೂ ಆ ಸಂಸ್ಥೆಯ ಬಾಗಿಲು ನಮಗೆಲ್ಲ ತೆರೆದ ಹಾಗೆ. ಬಕೆಟ್ ತೊಳೆಯುವ ಇಂಟರ್ನ್ ಆದರೂ ಸರಿ, ಅವಳ ಅಮ್ಮ ಪಾಸ್ ಇಲ್ಲ ಎಂದರೆ ಕೊಡಲು ಮನಸ್ಸಿಲ್ಲ ಎಂದೇ ಅರ್ಥ.

ಅವಳು ತೊಳೆಯುತ್ತಿದ್ದದ್ದು ನಿಜವಾಗಿ ಬಕೆಟ್ಟೇ.

"ಇವತ್ತು ಎಂತ ಮಾಡಿದೆ?" ಎಂದು ನಾನು ಬಚ್ಚಲ ಹೊರಗಿನಿಂದ ಕೇಳುತ್ತಿದ್ದೆ. ಕೇಳುವುದು ಅವಳ ಮೇಲಿನ ಪ್ರೀತಿಯಿಂದಲ್ಲ, ಏನನ್ನು ಮುಟ್ಟಿ ಬಂದಿದ್ದಾಳೆ ಎಂದು ತಿಳಿಯಲು.

"ಬಕೆಟ್ ವಾಶ್ ಮಾಡಿದೆ ಅಕ್ಕ."

"ನಿನ್ನೆ?"

"ನಿನ್ನೆನೂ ಬಕೆಟ್. ಬಟ್ ಬೇರೆ ಬಕೆಟ್."

ಬಕೆಟ್ಟಲ್ಲದ ಹೊತ್ತಿನಲ್ಲಿ ಮೀನು. ಮಂಜುಗಡ್ಡೆಯಿಂದ ಬಿಡಿಸಿದ ಮೀನನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕು. ಕಣ್ಣು ಬಾಡಿದ್ದು, ಹೊಟ್ಟೆ ಒಡೆದದ್ದು ಕಸಕ್ಕೆ. ಚೆನ್ನಾಗಿದ್ದದ್ದನ್ನು ಪ್ರಾಣಿಗೊಂದು ಬಕೆಟ್ಟಿನಂತೆ ತೂಗಿ ಇಡಬೇಕು. ಇಡೀ ಮೀನೇ ಬೇಕು, ತಲೆ, ಕರುಳು, ಬಾಲ ಎಲ್ಲ ಸೇರಿ. ಕಡಲಸಿಂಹ ನೀರು ಕುಡಿಯುವುದಿಲ್ಲವಂತೆ, ಮೀನಿನೊಳಗಿನ ನೀರೇ ಅದರ ನೀರು. ಅದಕ್ಕೆ ವಿಟಮಿನ್ ಗುಳಿಗೆ ಕೊಡುವ ಉಪಾಯವನ್ನೂ ಹೇಳಿದಳು. ಮೀನಿನ ಕಿವಿರು ಎತ್ತಿ ಗುಳಿಗೆಯನ್ನು ಅದರೊಳಗೆ ತುರುಕಿ ಬಾಯಿಗೆ ಹಾಕುವುದು. ನಾನು ಚಿನ್ನಿಯ ಡ್ರಾಪ್ಸ್ ಹಿಡಿದು ಮನೆಯಿಡೀ ಅವಳ ಹಿಂದೆ ಓಡುವವಳು, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಒಂದು ಸಂಜೆ ಬಚ್ಚಲಿನಿಂದ ಹೊರಬಂದವಳ ಮುಖ ಬೇರೆಯೇ ಆಗಿತ್ತು. "ಅಕ್ಕ, ಹೆಕ್ಟರ್ ಇವತ್ತು ನನ್ನ ಕೈಯಿಂದ ಒಂದು ಮೀನು ತಿಂದ."

ಹೆಕ್ಟರ್ ಅಂದರೆ ನಾಲ್ಕರಲ್ಲಿ ದೊಡ್ಡದು. ಬಸ್ಸಿನ ಸೀಟಿನಲ್ಲಿ ಇಬ್ಬರ ಜಾಗ ಹಿಡಿಯುವ ಗಂಡಸರಂತೆ ಬಂಡೆಯ ಮೇಲೆ ಬಿದ್ದುಕೊಂಡಿರುವ ಪ್ರಾಣಿ.

"ಒಂದೇ?"

"ಒಂದು," ಎಂದಳು, ಡಿಗ್ರಿ ಸಿಕ್ಕಿದವಳಂತೆ.

ಮನೆಯಲ್ಲಿ ಅವಳು ಮೀನು ತಿನ್ನುವುದನ್ನು ಬಿಟ್ಟಳು. ಬೆಳಗ್ಗಿನಿಂದ ಮೀನಿನ ಕಣ್ಣುಗಳನ್ನೇ ನೋಡಿ ಬಂದವಳಿಗೆ ತಟ್ಟೆಯಲ್ಲಿ ಮತ್ತೆ ಅದೇ ಬೇಡವಾಯಿತು. ಅದು ತಾರಾನಾಥಣ್ಣನಿಗೆ ತಗುಲಿತು. "ನನ್ನ ಮೀನು ಅವಳಿಗೆ ಬೇಡ, ಆ ಪ್ರಾಣಿಗಳಿಗೆ ಹಾಕುವ ಮೀನು ಬೇಕು," ಎಂದು ಆಫೀಸಿನಲ್ಲಿ ಶರಣ್ ಎದುರು ಗೊಣಗಿದರಂತೆ.

ನನ್ನ ಮಗಳ ಕತೆ ಇನ್ನೊಂದು. ಅಶ್ವಿತಾ ಅವಳಿಗೊಂದು ಸೀಟಿ ತಂದುಕೊಟ್ಟಳು. ಸೀಟಿ ಊದಿದರೆ ಚಿನ್ನಿ ಬಾಯಿ ತೆರೆಯುತ್ತಾಳೆ, ತುತ್ತು ಹಾಕಿದರೆ ನುಂಗುತ್ತಾಳೆ, ನುಂಗಿ ಎರಡೂ ಕೈ ಬಡಿದು "ಆರ್ಕ್ ಆರ್ಕ್" ಎನ್ನುತ್ತಾಳೆ. ಮಧ್ಯಾಹ್ನದಿಂದ ಸಂಜೆವರೆಗೆ ಎಳೆಯುತ್ತಿದ್ದ ಊಟ ಚಿಟಿಕೆ ಹೊಡೆಯುವುದರಲ್ಲಿ ಮುಗಿಯತೊಡಗಿತು. ಎಲ್‌ಕೆಜಿ ಸಂದರ್ಶನದಲ್ಲಿ ಟೀಚರು ಹೆಸರು ಕೇಳಿದಾಗಲೂ ಅದೇ ಉತ್ತರ ಕೊಟ್ಟಳು. ಫ್ರಿಜ್ಜಿನ ಮೇಲಿನ ನಂಬರಿಗೆ ಆ ದಿನ ಫೋನ್ ಮಾಡಿಯೇಬಿಡುತ್ತಿದ್ದೆ. ಆದರೆ ಏನೆಂದು ದೂರು ಹೇಳುವುದು? ನಿಮ್ಮ ಪ್ರಾಣಿಯಿಂದಾಗಿ ನನ್ನ ಮಗು ಊಟ ಮಾಡುತ್ತಿದೆ ಎಂದೇ?

ಇಷ್ಟು ಹೊತ್ತಿಗೆ ಅಕ್ವೇರಿಯಂಗೆ ಮೀನು ತರುವ ಹಡಗು ತಡವಾಯಿತು. ಅಲ್ಲಿಗೆ ಬರುವ ಮೀನು ಹೊರದೇಶದ್ದು, ಪರೀಕ್ಷೆಯಾಗಿ ಬರುವಂಥದ್ದು. ದಾಸ್ತಾನು ಇನ್ನೂ ಇತ್ತು, ಯಾರಿಗೂ ಗಾಬರಿಯಿರಲಿಲ್ಲ. ಅಶ್ವಿತಾ ಊಟಕ್ಕೆ ಕುಳಿತಾಗ "ಸ್ಟಾಕ್ ಸ್ವಲ್ಪ ಲೋ ಆಗ್ತಾ ಉಂಟು" ಎಂದಳಷ್ಟೆ. ತಾರಾನಾಥಣ್ಣ ಅದನ್ನು ಹೊಟ್ಟೆಗಿಲ್ಲದೆ ಒದ್ದಾಡುವ ಪ್ರಾಣಿಗಳ ಕೂಗೆಂದು ಕೇಳಿಸಿಕೊಂಡರು.

ಆ ಶುಕ್ರವಾರ ಬೆಳಿಗ್ಗೆ ನಾನು ಚಿನ್ನಿಯನ್ನು ಕರೆದುಕೊಂಡು ಮೀನು ತರಲು ಅವರ ಕೋಲ್ಡ್ ಸ್ಟೋರೇಜಿಗೆ ಹೋಗಿದ್ದೆ. ಕಂಪೆನಿಯವರೆಂದು ನಮಗೆ ಹಿಂದಿನ ಬಾಗಿಲು. ಒಳಗೆ ಹೋಗಿ ನೋಡಿದರೆ ರಜೆಯ ದಿನ ಒಬ್ಬನೂ ಕೆಲಸದವನಿಲ್ಲ. ಉದ್ದ ಮೇಜಿನ ಹಿಂದೆ ಶರ್ಟಿನ ತೋಳು ಮಡಚಿ, ಸೊಂಟಕ್ಕೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿ, ತಾರಾನಾಥಣ್ಣ ನಿಂತಿದ್ದಾರೆ. ಎದುರು ಬಂಗುಡೆಯ ರಾಶಿ. ಕತ್ತಿ ಹೋಗಿ ಬರುತ್ತಿರುವುದು ಕಣ್ಣಿಗೆ ಕಾಣುತ್ತಿಲ್ಲ, ತಲೆಗಳು ಮಾತ್ರ ಒಂದು ಬದಿಗೆ ಬೀಳುತ್ತಿವೆ. ಹೊಟ್ಟೆ ಸೀಳಿ, ತೊಳೆದು, ಪಕ್ಕೆಗೆ ಮೂರು ಓರೆ ಗೀರು ಹಾಕಿ, ಉಪ್ಪು ಅರಸಿನ ಸವರಿ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದಾರೆ. ಸಣ್ಣಗೆ ಸೀಟಿ ಬೇರೆ ಹಾಕುತ್ತಿದ್ದಾರೆ. ಚಿನ್ನಿ ತಕ್ಷಣ ಬಾಯಿ ತೆರೆದಳು.

ನನ್ನನ್ನು ಕಂಡು ಒಂದು ಗಳಿಗೆ ಕತ್ತಿಯನ್ನು ಬೆನ್ನ ಹಿಂದೆ ಹಿಡಿದರು. ಆಮೇಲೆ ನಕ್ಕರು.

"ಇದು ಯಾರಿಗೆ ತಾರಾನಾಥಣ್ಣ, ಮದುವೆಗಾ?"

"ಅಶ್ವಿತಾಳ ಅಕ್ವೇರಿಯಂಗೆ ತಂಗಿ. ಪಾಪ, ಅಲ್ಲಿ ಮೀನಿಲ್ಲಂತೆ. ನಾನು ಇಲ್ಲಿ ರೂಮ್ ತುಂಬ ಇಟ್ಕೊಂಡು ಕೂತಿದ್ದೇನೆ."

"ಕ್ಲೀನ್ ಮಾಡಿ ಕಳಿಸ್ತೀರಾ? ಅವು ಪ್ರಾಣಿಗಳಲ್ವಾ?"

"ನನ್ನ ಅಮ್ಮ ಹೆಜಮಾಡಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ಅವರು ಹೇಳ್ತಿದ್ರು, ಹೋಟೆಲಿನವನಿಗೆ ಇಡೀ ಮೀನು ಕೊಡು, ನಮಗೆ ಬೇಕಾದವರಿಗೆ ಕ್ಲೀನ್ ಮಾಡಿ ಕೊಡು ಅಂತ. ಇದು ಮಗಳ ಜಾಗ. ತಲೆ ಸಮೇತ ಕಳಿಸಿದ್ರೆ ಮರ್ಯಾದೆ ಉಂಟಾ?" ಮತ್ತೊಂದು ಬಂಗುಡೆ ಎತ್ತಿಕೊಂಡರು. "ಅವಳಿಗೆ ಹೇಳ್ಬೇಡ. ಸರ್‌ಪ್ರೈಸ್."

ಅವರ ಬಾಯಲ್ಲಿ ಅಮ್ಮನ ಬುಟ್ಟಿಯ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ಕಿವಿರಿನ, ಗುಳಿಗೆಯ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಯಜಮಾನರಿಗೆ, ಅದೂ ಕೈಯಲ್ಲಿ ಕತ್ತಿ ಹಿಡಿದಿರುವಾಗ, ಬುದ್ಧಿ ಹೇಳುವಷ್ಟು ಧೈರ್ಯ ನನ್ನ ವಂಶದಲ್ಲಿ ಯಾರಿಗೂ ಇಲ್ಲ. ಅಕ್ವೇರಿಯಂನವರು ನೋಡಿ ವಾಪಸು ಕಳಿಸುತ್ತಾರೆ ಎಂದುಕೊಂಡು ನನ್ನ ಪಾಲಿನ ಅಂಜಲ್ ಮೀನು ಕಟ್ಟಿಸಿಕೊಂಡು ಬಂದೆ.

ಅಕ್ವೇರಿಯಂನವರು ಅಂದರೆ ಆ ಹೊತ್ತಿಗೆ ಬೆನ್ನಿ. ಹಿಂದಿನ ಗೇಟಿನಲ್ಲಿ ಸಾಮಾನು ಇಳಿಸಿಕೊಳ್ಳುವವನು. ಮೀನಿನ ಪೆಟ್ಟಿಗೆ ತಂದ ಬಾಡಿಗೆ ವ್ಯಾನಿನವನು "ಅಶ್ವಿತಾ ಮ್ಯಾಡಂಗೆ" ಎಂದ. ಅಶ್ವಿತಾ ಯಾವಾಗಿಂದ ಮ್ಯಾಡಂ ಆದಳು ಎಂದು ಬೆನ್ನಿ ಕೇಳಲಿಲ್ಲ. ಅಶ್ವಿತಾ ತಾಲೀಮಿಗೆ ಹೋಗಿದ್ದರಿಂದ ಸಂಜೆಯ ಶೋಗೆ ಮೀನು ಆರಿಸುವ ಕೆಲಸ ಅವನಿಗೆ ಬಿದ್ದು, ಇನ್ನೂ ಬಾಕಿಯಿತ್ತು. ತೊಳೆದು ಸಿದ್ಧವಾಗಿ ಬಂದ ಮೀನನ್ನು ಕಂಡು ದೇವರೇ ಕಳಿಸಿದನೆಂದು ಅವನಿಗೆ ಅನಿಸಿತಂತೆ. ಹೆಕ್ಟರನ ಬಕೆಟ್ಟಿಗೆ ಅದನ್ನೇ ಸುರಿದು, ಮೇಲೆ ಐಸ್ ಮುಚ್ಚಿಟ್ಟು ಚಹಾಕ್ಕೆ ಹೋದ.

ಸಂಜೆ ಸಂಘದ ಸಂಸಾರಗಳೆಲ್ಲ ಅಕ್ವೇರಿಯಂನಲ್ಲಿದ್ದವು. ಪಾಸ್ ಸಿಗದ ಅವಮಾನ ತಾಳಲಾರದೆ ತಾರಾನಾಥಣ್ಣ ಎಲ್ಲರಿಗೂ ತಾವೇ ಟಿಕೆಟ್ ತೆಗೆಸಿದ್ದರು. ಆ ದಿನವೇ ಆರಿಸಿದ್ದಕ್ಕೆ ಕಾರಣವಿತ್ತು. ಅಶ್ವಿತಾ ಮೊದಲ ಬಾರಿ ವೇದಿಕೆಯ ಮೇಲೆ ನಿಂತು ಬಕೆಟ್ ಹಿಡಿಯಲಿದ್ದಳು. ಲೀಲಕ್ಕ ರೇಷ್ಮೆ ಸೀರೆಯಲ್ಲಿ ಮೊದಲ ಸಾಲಿನಲ್ಲಿ. ತಾರಾನಾಥಣ್ಣ ಕೋಟು ಹಾಕಿ ಕೊನೆಯ ಸಾಲಿನಲ್ಲಿ, ಯಾರಿಗೂ ಕಾಣದಂತೆ, ಆದರೆ ತಮಗೆ ಎಲ್ಲ ಕಾಣುವಂತೆ. ನಾನು ಚಿನ್ನಿಯನ್ನು ನೀರಿನಿಂದ ದೂರ ಇಟ್ಟುಕೊಂಡು ನಡುವೆ ಎಲ್ಲೋ ಕುಳಿತಿದ್ದೆ.

ಹೆಕ್ಟರ್ ಬಂದ. ಟ್ರೈನರುಗಳ ಮುಖ್ಯಸ್ಥೆ ಎಲೈಜಾ ಸೀಟಿ ಊದಿದಳು. ಫಿಲಿಪೀನ್ಸ್‌ನವಳು; ಪುಟ್ಟ ಆಕೃತಿ, ಆದರೆ ಅವಳ ಬೆರಳು ತೋರಿಸಿದಲ್ಲಿ ಆ ಬೆಟ್ಟದಂಥ ಪ್ರಾಣಿ ಕೂರುತ್ತದೆ, ಏಳುತ್ತದೆ, ಚಪ್ಪಾಳೆ ತಟ್ಟುತ್ತದೆ. ಹೆಕ್ಟರ್ ಮೂತಿಯ ಮೇಲೆ ಚೆಂಡು ನಿಲ್ಲಿಸಿದ. ಅಶ್ವಿತಾ ಬಕೆಟ್ ಚಾಚಿದಳು. ಎಲೈಜಾ ಪ್ರೇಕ್ಷಕರತ್ತ ನಗುತ್ತಲೇ ಐಸಿನೊಳಗೆ ಕೈಹಾಕಿ ಮೀನು ಎಳೆದು ಎಸೆದಳು. ಹೆಕ್ಟರ್ ಗಾಳಿಯಲ್ಲೇ ಹಿಡಿದ. ಹಿಡಿದವನು ನಿಂತ. ಬಾಯಿ ಅರ್ಧ ತೆರೆದ. ತಲೆಯಿಲ್ಲದ ಬಂಗುಡೆ ಮೆಲ್ಲಗೆ ನೆಲಕ್ಕೆ ಜಾರಿತು. ಅದನ್ನು ಮೂಸಿದ, ಮೂತಿಯಿಂದ ಆಚೆ ತಳ್ಳಿದ, ಮತ್ತೆ ಎತ್ತಿ ಉಗಿದ. ಸಂತರ್ಪಣೆಯಲ್ಲಿ ಉಪ್ಪು ಜಾಸ್ತಿಯಾದಾಗ ಹಿರಿಯರು ಎಲೆಯನ್ನು ದೂರ ಸರಿಸುವ ಹಾಗೆ. ಆಮೇಲೆ ಕತ್ತೆತ್ತಿ ನಮ್ಮ ಕಡೆ ತಿರುಗಿದ. ಅವನ ಬಿಳಿ ಮೀಸೆ ಅರಸಿನ ಹಳದಿಯಾಗಿತ್ತು.

ಜನ ನಕ್ಕರು. ಶೋನ ಭಾಗವೇ ಇದು ಎಂದುಕೊಂಡು ಸಂಘದವರು ಫೋಟೋ ತೆಗೆದರು. ಎಲೈಜಾ ಎರಡನೆಯ ಮೀನು ಎಳೆದಳು, ಮೂರನೆಯದು ಎಳೆದಳು. ಎಲ್ಲವೂ ಹಳದಿ, ಯಾವುದಕ್ಕೂ ತಲೆಯಿಲ್ಲ. ಅವಳ ನಗು ಆರಿತು. ಅಶ್ವಿತಾಳ ಕಡೆ ತಿರುಗಿ ಏನೋ ಕೇಳಿದಳು. ಅಶ್ವಿತಾ ಮೀನಿನ ಪಕ್ಕೆಯ ಮೂರು ಗೀರುಗಳನ್ನು ನೋಡಿದಳು, ಆಮೇಲೆ ಕೊನೆಯ ಸಾಲಿನತ್ತ. ನಾನೂ ಹಿಂತಿರುಗಿ ನೋಡಿದೆ. ತಾರಾನಾಥಣ್ಣ ತಲೆ ತಗ್ಗಿಸಿ ಫೋನ್ ಒತ್ತುತ್ತಿದ್ದರು. ಬಹಳ ತುರ್ತಿನ ಕೆಲಸ ಬಂದವರಂತೆ.

ಅಶ್ವಿತಾಳ ತುಟಿ ಒಂದು ಸಲ ಅಲುಗಿತು, ಏನೆಂದಳೋ ನಮಗೆ ಕೇಳಿಸಲಿಲ್ಲ. ಶೋ ನಿಂತಿತು.

ಮರುದಿನ ಸಂಜೆ ಅವಳು ಎಂದಿನ ಹೊತ್ತಿಗೇ ನಮ್ಮ ಮನೆಗೆ ಬಂದಳು. ಟವೆಲ್ ತೆಗೆದುಕೊಳ್ಳಲಿಲ್ಲ. ಬಚ್ಚಲ ಬಾಗಿಲ ಪಕ್ಕ ನೆಲದ ಮೇಲೆ ಕುಳಿತಳು.

"ಇವತ್ತು ಸ್ನಾನ ಬೇಡ ಅಕ್ಕ. ಸ್ಮೆಲ್ ಇಲ್ಲ."

ಕುತ್ತಿಗೆಯಲ್ಲಿ ದಿನಾ ನೇತಾಡುತ್ತಿದ್ದ ಬ್ಯಾಡ್ಜ್ ಇರಲಿಲ್ಲ. ಪರೀಕ್ಷೆಯಾಗದ ಮೀನನ್ನು ಹೇಳದೆ ಕೇಳದೆ ತರಿಸಿದ್ದಕ್ಕೆ ಅದನ್ನು ತೆಗೆದಿಟ್ಟುಕೊಂಡಿದ್ದರು. ಭಾನುವಾರ ಅಕ್ವೇರಿಯಂನ ಮೇಲಧಿಕಾರಿಗಳು ಕುಳಿತು ತೀರ್ಮಾನ ಮಾಡುತ್ತಾರೆ, ಬಹುಶಃ ಮತ್ತೆ ಬರುವುದು ಬೇಡ ಎನ್ನುತ್ತಾರೆ ಎಂದು ಎಲೈಜಾ ಹೇಳಿದ್ದಳು.

"ನೀನು ತರಿಸಿದ್ದಲ್ಲವಲ್ಲ. ಏನಂತ ಹೇಳಿದೆ ಅವಳಿಗೆ?"

"ನಾನೇ ಅಂತ."

"ಯಾಕೆ?"

"ಆ ಕಟ್ ಡ್ಯಾಡಿದು. ಚಿಕ್ಕವಳಿರುವಾಗ ಮನೆಯಲ್ಲಿ ಅವರೇ ಕಟ್ ಮಾಡ್ತಿದ್ದದ್ದು. ನನಗೆ ಗೊತ್ತಾಯ್ತು." ಚಿನ್ನಿ ಅವಳ ಮಡಿಲಿಗೆ ಹತ್ತಿ ಸೀಟಿಯನ್ನು ಅವಳ ಬಾಯಿಗೆ ತುರುಕುತ್ತಿದ್ದಳು. "ಅಲ್ಲಿ ಸಂಘದವರೆಲ್ಲ ಇದ್ರು ಅಕ್ಕ. ಅವರ ಎದುರು ಎಂತ ಹೇಳುದು? ನಮ್ಮ ಡ್ಯಾಡಿ ಮೀನು ಕತ್ತರಿಸಿದ್ದು ಅಂತಾ? ಮಮ್ಮಿ ಸತ್ತೇಹೋಗ್ತಾರೆ. ನೀವು ಯಾರಿಗೂ ಹೇಳ್ಬೇಡಿ."

"ಹೆಕ್ಟರ್ ಹೇಗಿದ್ದಾನೆ? ಊಟ ಬಿಟ್ಟಿದ್ದಾನಾ?" ನೀನಿಲ್ಲದೆ ಅವನೂ ಒಣಗುತ್ತಿರಬಹುದು ಎಂದು ಸಮಾಧಾನ ಹೇಳಲು ಹೊರಟಿದ್ದೆ.

"ಇಲ್ಲ, ಬೆಳಿಗ್ಗೆ ಫುಲ್ ಬಕೆಟ್ ತಿಂದನಂತೆ. ಬೇರೆಯವರ ಕೈಯಿಂದ."

ಪ್ರಾಣಿಗೆ ಮೀನಿನ ಮೇಲಲ್ಲದೆ ಯಾರ ಮೇಲೂ ಮೋಹವಿಲ್ಲ. ಅದು ಗೊತ್ತಿದ್ದೂ ಈ ಹುಡುಗಿ ಅದಕ್ಕಾಗಿ ಅಳುತ್ತಿದ್ದಳು, ಸದ್ದಿಲ್ಲದೆ, ನನ್ನ ಮಗುವಿನ ನೆತ್ತಿಯ ಮೇಲೆ ಗಲ್ಲವಿಟ್ಟು.

ತಾರಾನಾಥಣ್ಣನೇ ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎನಿಸಿ ಅವಳು ಹೋದ ಮೇಲೆ ಮೇಲಿನ ಮಹಡಿ ಹತ್ತಿದೆ. ಲೀಲಕ್ಕ ಚಹಾ ತಂದಿಟ್ಟರು. ಊದಿನ ಹೊಗೆಯಲ್ಲಿ ತಾರಾನಾಥಣ್ಣ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

"ಖಲಾಸ್ ತಂಗಿ, ಆ ವಿಷಯ ಬಿಡು. ಆದದ್ದು ಒಳ್ಳೇದಕ್ಕೇ. ನಾಳೆಯಿಂದ ಆಫೀಸಿಗೆ ಬರ್ಲಿ. ಎಸಿ ಉಂಟು, ಕುರ್ಚಿ ಉಂಟು."

"ಆದರೆ ಆ ಮೀನು..."

"ಮೀನಿಗೆ ಎಂತ ಆಗಿದೆ? ಫಸ್ಟ್ ಕ್ಲಾಸ್ ಬಂಗುಡೆ. ಆ ಪ್ರಾಣಿಗೆ ರುಚಿ ಗೊತ್ತಿಲ್ಲ, ಅಷ್ಟೇ." ಎಂದವರು ಲೀಲಕ್ಕನತ್ತ ನೋಡಿ ಗಂಟಲು ಸರಿಮಾಡಿಕೊಂಡರು. "ಸಪ್ಲೈಯರ್ ಯಾರೋ ಕಳಿಸಿದ್ದಿರಬೇಕು."

ಚಹಾದ ಕಪ್ಪು ಎತ್ತಿದ ಅವರ ಎಡಗೈಯ ತೋರುಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು. ನಾನು ನೋಡಿದ್ದನ್ನು ಲೀಲಕ್ಕ ನೋಡಿದರು.

"ಆಪಲ್ ಕತ್ತರಿಸುವಾಗ ತಾಗಿಸ್ಕೊಂಡ್ರು," ಎಂದರು. "ಇವರಿಗೆ ಕತ್ತಿ ಹಿಡಿದು ಅಭ್ಯಾಸ ಎಲ್ಲಿ ಉಂಟು?"

ತಾರಾನಾಥಣ್ಣ ಬೆರಳನ್ನು ಕಪ್ಪಿನ ಹಿಂದೆ ಸರಿಸಿದರು. ಕಂಪೆನಿಯ ಬೋರ್ಡಿನಲ್ಲಿ ಗೋಧಿ ತೆನೆ, ಮನೆಯಲ್ಲಿ ಬೆರಳಿಗೆ ಆಪಲ್. ಆ ಹುಡುಗಿ ತನ್ನ ಜೀವನವನ್ನು ಒತ್ತೆಯಿಟ್ಟು ಕಾಯುತ್ತಿದ್ದ ಮರ್ಯಾದೆ ಇದು. ಚಹಾ ಬಿಟ್ಟು ಎದ್ದು ಬಂದೆ.

ಶರಣ್‌ಗೆ ಹೇಳಿದೆ. ಅವನು ಟಿವಿಯ ಸದ್ದು ಜೋರು ಮಾಡಿದ, ಮೇಲಿನವರಿಗೆ ಕೇಳಿಸದಿರಲೆಂದು. ಮೇಲಿನವರು ಎಷ್ಟೋ ಮಹಡಿ ಆಚೆ ಇದ್ದರು.

"ನಿನಗೆ ತಲೆ ಕೆಟ್ಟಿದೆಯಾ? ವೀಸಾ ಯಾರದ್ದು? ಈ ಮನೆ ಯಾರದ್ದು? ಸೀ ಲಯನ್ ನೆಗಡಿ ಅಂತ ಇಷ್ಟು ದಿನ ನನ್ನ ತಲೆ ತಿಂದವಳು ನೀನು. ಈಗ ಅವಳು ಅಲ್ಲಿಗೆ ಹೋಗುದಿಲ್ಲ. ನಿನ್ನ ಚಿಂತೆ ಮುಗೀತು. ಖುಷಿಪಡು ಮಾರಾಯ್ತಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಬಚ್ಚಲು ಒಣಗಿತ್ತು. ಟವೆಲ್ಲಿನ ಜಾಗ ಖಾಲಿಯಿತ್ತು. ಖುಷಿಪಡಲು ಪ್ರಯತ್ನಿಸಿದೆ. ಚಿನ್ನಿ ತಟ್ಟೆಯ ಎದುರು ಬಾಯಿ ಬಿಗಿಹಿಡಿದು ಕುಳಿತಿದ್ದಳು. ನಾನು ಸೀಟಿ ಊದಿದೆ. ಅವಳು ನನ್ನನ್ನು ಹೆಕ್ಟರ್ ಆ ಬಂಗುಡೆಯನ್ನು ನೋಡಿದ ಹಾಗೆ ನೋಡಿದಳು.

ಭಾನುವಾರ ಬೆಳಿಗ್ಗೆ ಶರಣ್ ಆಫೀಸಿಗೆ ಹೊರಟ. ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ಬೇಗ ಹೋಗಿ ಖಾಲಿ ಮಾಡಬೇಕಂತೆ, ಸರ್ ಹೇಳಿದ್ದಾರಂತೆ. ಕಿಟಕಿಯಿಂದ ನೋಡಿದೆ. ಕೆಳಗೆ ತಾರಾನಾಥಣ್ಣನ ಕಾರು ನಿಂತಿತ್ತು, ಅಶ್ವಿತಾ ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಹಿಂದಿನ ಸೀಟಿಗೆ ಹತ್ತುತ್ತಿದ್ದಳು. ಹತ್ತುವ ಮೊದಲು ತನ್ನ ಜಡೆಯನ್ನು ಮುಂದಕ್ಕೆ ತಂದು ಮೂಸಿ ನೋಡಿದಳು.

ಫ್ರಿಜ್ಜಿನ ಬಾಗಿಲಿನ ನಂಬರನ್ನು ಒತ್ತಿದೆ. ಟಿಕೆಟ್‌ಗೆ ಒಂದು, ಹುಟ್ಟುಹಬ್ಬಕ್ಕೆ ಎರಡು, ಶಾಲಾ ಪ್ರವಾಸಕ್ಕೆ ಮೂರು ಎಂದಿತು. ಕೊನೆಗೊಬ್ಬ ಹುಡುಗ ಬಂದ. ಎಲೈಜಾ ಬೇಕು ಎಂದೆ. ಟ್ರೈನರುಗಳಿಗೆ ಹಾಗೆ ಕನೆಕ್ಟ್ ಮಾಡಲಾಗುವುದಿಲ್ಲ, ದೂರು ಇದ್ದರೆ ಮಾತ್ರ ಎಂದ.

"ದೂರೇ," ಎಂದೆ. ಅಷ್ಟು ದಿನದಿಂದ ಬಾಯಿಪಾಠ ಮಾಡಿಟ್ಟ ದನಿ ತಾನಾಗಿ ಬಂತು. "ಬಹಳ ದೊಡ್ಡ ದೂರು."

ಎಲೈಜಾ ಬಂದಳು. ದನಿಯಲ್ಲಿ ಆಯಾಸ. ಬೆಳಗಿನ ಮೀಟಿಂಗ್ ಶುರುವಾಗುವುದರಲ್ಲಿತ್ತಂತೆ. ನಾನು ಒಂದೇ ಉಸಿರಿನಲ್ಲಿ, ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಶುಕ್ರವಾರ ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅಶ್ವಿತಾಳಿಗೆ ಏನೂ ಗೊತ್ತಿರಲಿಲ್ಲ, ಅವಳಿಗೆ ಹೇಳಬಾರದೆಂದು ನನಗೇ ತಾಕೀತಾಗಿತ್ತು, ತಲೆ ತೆಗೆದು ಅರಸಿನ ಹಚ್ಚುವುದು ನಮ್ಮಲ್ಲಿ ಅಗೌರವವಲ್ಲ, ಅದಕ್ಕಿಂತ ಹೆಚ್ಚಿನ ಗೌರವ ಒಂದು ಬಂಗುಡೆಗೆ ಸಿಗುವುದೇ ಇಲ್ಲ.

ಆಚೆ ಕಡೆ ಕಾಗದ ಮಗುಚಿದ ಸದ್ದಾಯಿತು.

"ನಿಮ್ಮ ಹೆಸರು, ಮ್ಯಾಮ್? ನೀವು ಇದನ್ನು ಹೇಗೆ ನೋಡಿದಿರಿ?"

ಹೆಸರು ಹೇಳಿದೆ. ಕಟ್ಟಡದ ಹೆಸರು ಹೇಳಿದೆ. ಬಾಗಿಲತ್ತ ಒಮ್ಮೆ ನೋಡಿಕೊಂಡು ಗಂಡನ ಕಂಪೆನಿಯ ಹೆಸರನ್ನೂ ಹೇಳಿದೆ.

"ಮೀನು ಕತ್ತರಿಸಿದವರು ಯಾರು?"

"ಅವಳ ಅಪ್ಪ," ಎಂದೆ. "ಅದನ್ನು ಅವರಷ್ಟು ಚೆನ್ನಾಗಿ ಮಾಡುವವರು ಈ ಊರಲ್ಲಿಲ್ಲ."

"ಅವರು ಬಂದು ಇದನ್ನೇ ಹೇಳುತ್ತಾರಾ? ನಿಮ್ಮ ಫೋನ್ ಮಾತೊಂದನ್ನೇ ಹಿಡಿದು ನಾನು ಮೀಟಿಂಗಿನಲ್ಲಿ ಕೂರಲಾರೆ."

"ಅವರು ಬರುವುದಿಲ್ಲ. ಅವರು ಮೆಸಯೀದ್‌ನಲ್ಲಿ ಇದ್ದವರು," ಎಂದೆ. ಎಲೈಜಾಗೆ ಅರ್ಥವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. "ನಾನು ಬರುತ್ತೇನೆ. ಈಗಲೇ ಟ್ಯಾಕ್ಸಿ ಹಿಡಿದು ಬರುತ್ತೇನೆ. ಮೀಟಿಂಗ್ ಸ್ವಲ್ಪ ತಡ ಮಾಡಿ."

"ಮಾಡುತ್ತೇನೆ," ಎಂದಳು.

"ಮಗುವನ್ನೂ ಕರೆದುಕೊಂಡು ಬರಬೇಕಾಗುತ್ತದೆ, ಬಿಟ್ಟು ಬರಲು ಯಾರೂ ಇಲ್ಲ." ಚಿನ್ನಿ ಆಗಲೇ ಒಂದು ಕಾಲಿಗೆ ಶೂ ಹಾಕಿಕೊಂಡು, ಕುತ್ತಿಗೆಗೆ ಸೀಟಿ ನೇತುಹಾಕಿ ಬಾಗಿಲಲ್ಲಿ ನಿಂತಿದ್ದಳು. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. "ಹೊರಡುವ ಮೊದಲು ಒಂದು ಹೇಳಿ ಎಲೈಜಾ. ಹೆಕ್ಟರ್‌ಗೆ ನೆಗಡಿ ಗಿಗಡಿ ಏನೂ ಇಲ್ಲವಲ್ಲ?"